ಬೆಟ್ಟಸ್ವಾಮಿ ಕಡೆದ ಮುದ್ದೆಕೋಲು

ಶುಕ್ರವಾರ ರಾತ್ರಿ ದ್ರಾಕ್ಷಾಯಣಮ್ಮನವರ ಮುದ್ದೆಕೋಲು ಪಾತ್ರೆಯಲ್ಲೇ ಎರಡು ತುಂಡಾಯಿತು. ಹನ್ನೆರಡು ವರ್ಷ ಬಿಸಿ ರಾಗಿಹಿಟ್ಟಿನಲ್ಲಿ ತಿರುಗಿ ತಿರುಗಿ ಅದಕ್ಕೂ ಸಾಕಾಗಿತ್ತೋ ಏನೋ. ಅದು ಮುರಿದದ್ದರಲ್ಲಿ ಅವರ ಗಂಡ ಬೆಟ್ಟಸ್ವಾಮಿಯ ತಪ್ಪೇನೂ ಇರಲಿಲ್ಲ. ಜಗಲಿಯ ಮೇಲೆ ಕಾಲು ಚಾಚಿಕೊಂಡು ಊಟದ ಕರೆಗೆ ಕಾಯುತ್ತಿದ್ದ ಮನುಷ್ಯ ಹಾಗೇ ಕಾಯುತ್ತ ಕೂತಿದ್ದರೆ ಹೊನ್ನವಳ್ಳಿಯವರಿಗೆ ಆಮೇಲೆ ಒಂದು ವರ್ಷ ನಗುವುದಕ್ಕೆ ಏನೂ ಸಿಗುತ್ತಿರಲಿಲ್ಲ. ಆದರೆ ಒಳಗಿನಿಂದ "ನಾಳೆ ತಿಪಟೂರಿಂದ ಒಂದು ಮುದ್ದೆಕೋಲು ತಂದ್ಬುಡ್ರೀ" ಎಂಬ ಮಾತು ಕೇಳಿದ್ದೇ ತಡ, ಅವನ ಬಾಯಿ ತಾನಾಗಿ ತೆರೆದುಕೊಂಡಿತು.

"ಮನೇಲಿ ಲೇತ್ ಮಿಷನ್ ಇಟ್ಕಂಡು ಮುದ್ದೆಕೋಲನ್ನ ಅಂಗಡೀಲಿ ತರ್ತಾರೇನೇ? ನಾಳೆ ಹೆಂಗೂ ರಜ. ನಾನೇ ಕಡ್ದುಕೊಡ್ತೀನಿ."

ದ್ರಾಕ್ಷಾಯಣಮ್ಮ ಮುರಿದ ತುಂಡು ಹಿಡಿದುಕೊಂಡು ಬಾಗಿಲಿಗೆ ಬಂದರು.

"ಸರಿ ಕಣ್ರೀ. ನಾಳೆ ರಾತ್ರಿ ನೀವು ಕಡ್ದ ಕೋಲಲ್ಲೇ ಹಿಟ್ಟು ತಿರುವ್ತೀನಿ. ಕೋಲು ಬರಲಿಲ್ಲ ಅಂದ್ರೆ ನಾಡಿದ್ದು ಆ ಮಿಷನ್ನು ಗಯಾಜಣ್ಣನ ಅಂಗಡಿಗೆ ವಾಪಸ್ ಹೋಗ್ಬೇಕು, ನಮ್ಮ ಗಾಡಿ ಮನೆಗೆ ಬರ್ಬೇಕು. ಒಪ್ಪಿಗೇನಾ?"

"ಒಪ್ಪಿಗೆ" ಎಂದ ಬೆಟ್ಟಸ್ವಾಮಿ. ಹಸಿದ ಹೊಟ್ಟೆಯಲ್ಲಿ ಮನುಷ್ಯ ಏನು ಬೇಕಾದರೂ ಒಪ್ಪಿಕೊಳ್ಳುತ್ತಾನೆ.

ಗಾಡಿಯ ವಿಷಯ ಇಲ್ಲಿ ಹೇಳಿಬಿಡಬೇಕು. ಬೆಟ್ಟಸ್ವಾಮಿ ಊರಿನ ಸೊಸೈಟಿಯಲ್ಲಿ ಗುಮಾಸ್ತ. ಮೂರು ತಿಂಗಳ ಹಿಂದೆ ಅವನ ಮೊಪೆಡ್ಡು ಕೆಟ್ಟು, ತಿಪಟೂರಿನ ಮೆಕ್ಯಾನಿಕ್ ಗಯಾಜ್‌ನ ಅಂಗಡಿಗೆ ತಳ್ಳಿಕೊಂಡು ಹೋಗಿದ್ದ. ಗಯಾಜ್ ಬಿಡುವಿದ್ದಾಗ ಮಂಚದ ಕಾಲು ಕಡೆದು ಮಾರುವವನು. ಆವತ್ತೂ ಅದನ್ನೇ ಮಾಡುತ್ತಿದ್ದ. ಗಿರ್ರನೆ ತಿರುಗುವ ಮರಕ್ಕೆ ಉಳಿ ತಾಗಿಸಿದರೆ ಸೌತೆಕಾಯಿ ಸಿಪ್ಪೆಯ ಹಾಗೆ ಸುರುಳಿ ಸುರುಳಿಯಾಗಿ ಬೀಳುತ್ತಿತ್ತು. ಒಳಗಿಂದ ನುಣ್ಣಗೆ ಬಳೆ ತೊಟ್ಟ ಮಂಚದ ಕಾಲು ಈಚೆಗೆ ಬರುತ್ತಿತ್ತು. ಇಪ್ಪತ್ತು ವರ್ಷ ಸೊಸೈಟಿಯ ಕಾಗದಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎತ್ತಿಟ್ಟ ಬೆಟ್ಟಸ್ವಾಮಿಗೆ, ಕೈಯಿಂದ ಒಂದು ವಸ್ತು ಹುಟ್ಟುವುದೆಂದರೆ ಇದು ಎನಿಸಿತು. ಗಯಾಜ್ ಹೊಸ ಲೇತು ತರಿಸುವವನಿದ್ದ, ಹಳೆಯದು ಮೂಲೆಯಲ್ಲಿತ್ತು. ಮೊಪೆಡ್ ರಿಪೇರಿಗೆಂದು ಹೋದವನು ಸಂಜೆ ಲಗೇಜ್ ಆಟೋದಲ್ಲಿ ಲೇತಿನ ಪಕ್ಕ ಕೂತುಕೊಂಡು ಬಂದ. ಅದರ ಬದಲಿಗೆ ಮೊಪೆಡ್ಡು ಅಲ್ಲೇ ಉಳಿಯಿತು.

"ಬ್ಯಾಡ ಅನ್ಸಿದ್ರೆ ವಾಪಸ್ ತನ್ನಿ ಸಾರ್, ನಿಮ್ಮ ಗಾಡಿ ನಿಮ್ಗೆ" ಎಂದು ಗಯಾಜ್ ಹೇಳಿ ಕಳಿಸಿದ್ದ. ಆ ಮಾತನ್ನು ಬೆಟ್ಟಸ್ವಾಮಿ ಮರೆತಿದ್ದ, ದ್ರಾಕ್ಷಾಯಣಮ್ಮ ಮರೆತಿರಲಿಲ್ಲ.

ಮೂರು ತಿಂಗಳಲ್ಲಿ ಲೇತಿನಿಂದ ಮನೆಗೆ ಬಂದದ್ದು ಹೊಟ್ಟು ಮಾತ್ರ. ಮಂಚದ ಕಾಲು ಮಾಡಲು ಹೋದದ್ದು ಲಟ್ಟಣಿಗೆಯಾಗಿ, ಲಟ್ಟಣಿಗೆ ಬುಗುರಿಯಾಗಿ, ಬುಗುರಿ ಒಲೆ ಸೇರಿತ್ತು. ಸಾಲದ್ದಕ್ಕೆ ಲೇತು ನಿಂತಿದ್ದು ಹಿಂದಿನ ಪಡಸಾಲೆಯಲ್ಲಿ, ಕೊಬ್ಬರಿ ಅಟ್ಟದ ಕೆಳಗೆ. ಮಿಷನ್ನು ತಿರುಗಿದರೆ ಕಂಬ ನಡುಗಿ, ಕಂಬದಿಂದ ಅಟ್ಟ ನಡುಗಿ, ಅಟ್ಟದ ಮೇಲಿನ ಅಷ್ಟೂ ಕಾಯಿ ಲೊಡಲೊಡ ಎನ್ನುತ್ತಿದ್ದವು. ಆ ಸದ್ದಿಗೆ ಪಕ್ಕದ ಮನೆಯ ಚಿಕ್ಕಗೌರಮ್ಮ ತಪ್ಪದೆ ಗೋಡೆಯ ಆಚೆಯಿಂದ ತಲೆ ಎತ್ತುತ್ತಿದ್ದರು.

"ಕೊಬ್ರಿ ಆಗೈತೆ ಕಣಪ್ಪೋ, ಸುಲಿಸು. ಒಣಗಿ ಕರಟದೊಳಗೆ ಆಡ್ತಾ ಐತೆ."

"ಅದು ಮಿಷನ್ ಸದ್ದು ಕಣಜ್ಜಿ."

"ನನ್ ಕಿವೀಗೆ ಹೇಳ್ಕೊಡ್ತೀಯಾ? ಎಪ್ಪತ್ತು ವರ್ಷದಿಂದ ಕೊಬ್ರಿ ಸದ್ದು ಕೇಳಿದ್ದೀನಿ."

ಶನಿವಾರ ಬೆಳಗ್ಗೆ ಕಾಫಿ ಕುಡಿದವನೇ ಬೆಟ್ಟಸ್ವಾಮಿ ಪಂಚೆ ಬಿಟ್ಟು ಪ್ಯಾಂಟು ಹಾಕಿಕೊಂಡು ಕೆಲಸಕ್ಕೆ ನಿಂತ. ಮೊದಲು ಯಾವ ಮರ ಎಂಬ ಪ್ರಶ್ನೆ ಬಂತು. ತೋಟದಲ್ಲಿ ಹೋದ ವರ್ಷದ ಗಾಳಿಗೆ ಬಿದ್ದ ತೆಂಗಿನಮರದ ತುಂಡೊಂದು ಹಿತ್ತಲಲ್ಲಿತ್ತು. ಹೊನ್ನವಳ್ಳಿಯವನಾಗಿ ತೆಂಗು ಬಿಟ್ಟು ಬೇರೆ ಮರಕ್ಕೆ ಕೈ ಹಾಕುವುದು ಅವನಿಗೆ ಸರಿಯೆನಿಸಲಿಲ್ಲ. ಹೊರಗಿನ ಕಡೆ ಗರಗಸ ಹತ್ತಲಿಲ್ಲ, ಕಬ್ಬಿಣದ ಹಾಗಿತ್ತು. ನಡುವಿನ ಭಾಗ ಬೆಣ್ಣೆಯ ಹಾಗೆ ಕುಯ್ಯಿತು. ನೋಡಿದೆಯಾ, ಎಲ್ಲಿ ಮೆತ್ತಗಿದೆಯೋ ಅಲ್ಲೇ ತೆಗೆಯಬೇಕು ಎಂದು ತನ್ನ ಜಾಣತನಕ್ಕೆ ತಾನೇ ಮೆಚ್ಚಿಕೊಂಡು, ಆ ತಿರುಳನ್ನೇ ಲೇತಿಗೆ ಸಿಕ್ಕಿಸಿ ಸ್ವಿಚ್ಚು ಒತ್ತಿ ಉಳಿ ಒತ್ತಿದ.

ಸುರುಳಿ ಬೀಳಲಿಲ್ಲ. ಮೊದಲು ಹೊಟ್ಟು ಬಿತ್ತು, ಆಮೇಲೆ ನಾರು ಬಿತ್ತು, ಆಮೇಲೆ ಕೋಲೇ ನಾರಾಗಿ ಬಿಚ್ಚಿಕೊಳ್ಳತೊಡಗಿತು. ಅವನು ಗಾಬರಿಯಲ್ಲಿ ಇನ್ನಷ್ಟು ಒತ್ತಿದ. ಮಿಷನ್ ನಿಲ್ಲಿಸಿ ನೋಡಿದರೆ ಮರ ಕಚ್ಚಿ ಹಿಡಿಯುವ ಎರಡು ಮೊಳೆಗಳ ನಡುವೆ ತಲೆ ಬಾಚದ ಒಂದು ಜಟೆ ನೇತಾಡುತ್ತಿತ್ತು. ಗೋಡೆಯ ಮೇಲೆ ಚಿಕ್ಕಗೌರಮ್ಮನ ಮುಖ ಮೂಡಿತು.

"ಪಾತ್ರೆ ತಿಕ್ಕೋ ನಾರು ಮಾಡ್ತಾ ಇದೀಯೇನಪ್ಪ? ಚೆನ್ನಾಗೈತೆ, ನಂಗೊಂದು ಕೊಡು."

ಬೆಟ್ಟಸ್ವಾಮಿ ಅದನ್ನು ಕಿತ್ತು ಕೊಟ್ಟ. ಬೆಳಗ್ಗಿನಿಂದ ಅವನ ಕೈಯಿಂದ ಯಾರಿಗಾದರೂ ಉಪಯೋಗವಾದದ್ದು ಅದೊಂದೇ.

ಎರಡನೆಯದು ಹಲಸು. ಹಳೇ ಬಾಗಿಲುವಾಡದ ತುಂಡುಗಳು ಮೂರು ಸಿಕ್ಕಿದವು. ಗಟ್ಟಿ ಮರ, ಬಣ್ಣವೂ ಚಿನ್ನದಂಥದ್ದು. ಈ ಸಲ ಸುರುಳಿ ಒಂದೆರಡು ಬಿದ್ದದ್ದೂ ಉಂಟು. ಅದನ್ನು ಕಂಡು ಬೆಟ್ಟಸ್ವಾಮಿಗೆ ಉತ್ಸಾಹ ಹೆಚ್ಚಿ, ಎರಡೂ ಕೈಯಿಂದ, ಹೊಟ್ಟೆಯಿಂದ, ಮನಸ್ಸಿನಿಂದ ಒತ್ತಿದ. ತುದಿಯ ತಿರುಪು ಬಿಗಿ ಮಾಡಿರಲಿಲ್ಲ. ಮರ ಉಳಿಯನ್ನು ಕಚ್ಚಿಕೊಂಡಿತು, ಒಮ್ಮೆ ಕೊಸರಿತು, ಆಮೇಲೆ ಲೇತಿನ ಮೇಲೆ ಇರಲಿಲ್ಲ. ಗೋಡೆಯ ಆಚೆ ಟಣ್ಣೆಂದು ಶಬ್ದವಾಯಿತು.

ಚಿಕ್ಕಗೌರಮ್ಮ ಒಂದು ಕೈಯಲ್ಲಿ ಹಲಸಿನ ತುಂಡು, ಇನ್ನೊಂದು ಕೈಯಲ್ಲಿ ಹಿತ್ತಾಳೆ ಕೊಡ ಹಿಡಿದು ಮುಂಬಾಗಿಲಿನಿಂದಲೇ ಬಂದರು. ಕೊಡದ ಹೊಟ್ಟೆ ಒಳಗೆ ಹೋಗಿತ್ತು.

"ದ್ರಾಕ್ಷಾಯಣೀ, ನಿನ್ ಗಂಡ ನನ್ ಕೊಡ ಕೊಂದ ಕಣವ್ವ. ನಾನು ಅದರ ಪಕ್ಕದಾಗೇ ಕುಂತಿದ್ದೆ. ಒಂದು ಗೇಣು ಇತ್ತಾಗೆ ಬಂದಿದ್ರೆ ನನ್ ಕತೇನೂ ಮುಗೀತಿತ್ತು."

ದ್ರಾಕ್ಷಾಯಣಮ್ಮ ಅಜ್ಜಿಯನ್ನು ಕೂರಿಸಿ ಕಾಫಿ ಕೊಟ್ಟು, ಕೊಡವನ್ನು ತಟ್ಟಿಸಿ ಸರಿಮಾಡಿಸಿಕೊಡುತ್ತೇವೆಂದು ಸಮಾಧಾನ ಮಾಡಿದರು. ಅವರು ಬೈದಿದ್ದರೆ ಬೆಟ್ಟಸ್ವಾಮಿಗೆ ಎಷ್ಟೋ ಹಗುರವಾಗುತ್ತಿತ್ತು.

ಮೂರನೆಯದನ್ನು ಅವನು ತಿರುಪು ಬಿಗಿದು, ಉಸಿರು ಬಿಗಿಹಿಡಿದು ಕಡೆದ. ನಿಜ ಹೇಳಬೇಕೆಂದರೆ ಹನ್ನೊಂದೂವರೆಯ ಹೊತ್ತಿಗೆ ಅದು ಮುದ್ದೆಕೋಲಾಗಿಯೇ ಇತ್ತು. ಅಲ್ಲಿಗೆ ನಿಲ್ಲಿಸುವ ಬುದ್ಧಿ ಯಾರಿಗಿರುತ್ತದೆ? ಬಲಗಡೆ ಚೂರು ದಪ್ಪ ಕಂಡಿತು, ಅದನ್ನು ತೆಗೆದ. ಈಗ ಎಡಗಡೆ ದಪ್ಪ ಕಂಡಿತು. ಅದನ್ನು ತೆಗೆದರೆ ನಡು ಉಬ್ಬಿತು. ನಡು ತೆಗೆದ ಮೇಲೆ ಎರಡೂ ತುದಿ ಉಬ್ಬಿದವು. ಹೀಗೆ ಎಲ್ಲ ಕಡೆಯೂ ನ್ಯಾಯವಾಗಿ ತೆಗೆಯುತ್ತ ಒಂದು ಗಂಟೆಯ ಹೊತ್ತಿಗೆ ಸಮನಾದ, ನುಣುಪಾದ, ಪೆನ್ಸಿಲ್ಲಿಗಿಂತ ತುಸು ದಪ್ಪದ ಒಂದು ಕಡ್ಡಿ ಕೈಗೆ ಬಂತು.

"ಇದ್ರಲ್ಲಿ ಹಿಟ್ಟು ತಿರುವೋದಾ, ಇಲ್ಲ ದೇವರ ಮುಂದೆ ಹಚ್ಚಿಡೋದಾ?" ಎಂದಷ್ಟೇ ಕೇಳಿದರು ದ್ರಾಕ್ಷಾಯಣಮ್ಮ. ಮಧ್ಯಾಹ್ನ ಮುದ್ದೆ ಇರಲಿಲ್ಲ, ಅನ್ನ ಸಾರು ಬಡಿಸಿದರು. ಬರೀ ಅನ್ನ ತಿಂದರೆ ಬೆಟ್ಟಸ್ವಾಮಿಗೆ ಊಟ ಮಾಡಿದ ಹಾಗೇ ಆಗುತ್ತಿರಲಿಲ್ಲ. ಪಡಸಾಲೆಯಲ್ಲಿ ನಿಂತಿದ್ದ ಲೇತನ್ನು ನೋಡಿದ. ನಾಳೆ ಆ ಜಾಗದಲ್ಲಿ ತೆಂಗಿನಮಟ್ಟೆಯ ರಾಶಿ ಇರುತ್ತದೆ, ತಾನು ಮತ್ತೆ ಸೊಸೈಟಿಯ ಕಾಗದ ಎತ್ತಿಡುವ ಗುಮಾಸ್ತ ಮಾತ್ರ ಆಗಿರುತ್ತೇನೆ ಎನಿಸಿ ಅವನಿಗೆ ನಿಜವಾಗಿಯೂ ದುಃಖವಾಯಿತು. ಆ ದುಃಖದಲ್ಲಿ ಅವನಿಗೆ ಮೋಸದ ಯೋಚನೆ ಹೊಳೆಯಿತು.

"ಉಜ್ಜೋ ಕಾಗದ ತೀರೋಗೈತೆ. ತಿಪಟೂರಿಗೆ ಹೋಗಿ ತಂದ್ಬುಡ್ತೀನಿ. ಬಂದವನೇ ಕೊನೇ ತುಂಡು ಕಡ್ದು ಮುಗಿಸ್ತೀನಿ" ಎಂದು ಹೇಳಿ ಎರಡು ಗಂಟೆಯ ಬಸ್ಸು ಹತ್ತಿದ.

ತಿಪಟೂರಿನಲ್ಲಿ ಮಾರಯ್ಯನ ಅಂಗಡಿಯ ಮುಂದೆ ಲಟ್ಟಣಿಗೆ, ಕಡಗೋಲು, ಮುದ್ದೆಕೋಲು ಕಟ್ಟುಕಟ್ಟಾಗಿ ನಿಂತಿದ್ದವು. ಬೆಟ್ಟಸ್ವಾಮಿ ಎಲ್ಲಕ್ಕಿಂತ ಸೊಟ್ಟಗಿದ್ದ ಕೋಲನ್ನು ಹುಡುಕತೊಡಗಿದ.

"ಸ್ವಾಮಿ, ಅದು ಸೊಟ್ಟ ಐತೆ, ಒಳ್ಳೇದು ಕೊಡ್ತೀನಿ ಬನ್ನಿ" ಎಂದ ಮಾರಯ್ಯ.

"ಬ್ಯಾಡ ಬ್ಯಾಡ, ನಂಗೆ ಸೊಟ್ಟಗಿರೋದೇ ಬೇಕು. ತೀರಾ ಚೆನ್ನಾಗಿದ್ರೆ ನಂಬಲ್ಲ."

ಯಾರು ನಂಬುವುದಿಲ್ಲ ಎಂದು ಮಾರಯ್ಯ ಕೇಳುವುದರೊಳಗೆ ಬೆಟ್ಟಸ್ವಾಮಿ ದುಡ್ಡು ಕೊಟ್ಟು ಕೋಲು ಹಿಡಿದು ಅಂಗಡಿ ಬಿಟ್ಟಿದ್ದ. ಆದರೆ ಬಸ್‌ಸ್ಟ್ಯಾಂಡಿಗೆ ಬಂದು ನೋಡಿದರೆ ಹೊನ್ನವಳ್ಳಿಯ ಬಸ್ಸಿನಲ್ಲಿ ಅರ್ಧ ಊರೇ ಕೂತಿತ್ತು. ಮುದ್ದೆಕೋಲನ್ನು ಪೇಪರಿನಲ್ಲಿ ಸುತ್ತಿದರೂ ಪೇಪರ್ ಸುತ್ತಿದ ಮುದ್ದೆಕೋಲಾಗಿಯೇ ಕಾಣುತ್ತದೆ. ಅವನು ಮರೆಗೆ ಹೋಗಿ, ಪ್ಯಾಂಟಿನ ಎಡಗಾಲಿನೊಳಗೆ ಅದನ್ನು ಇಳಿಬಿಟ್ಟು, ತೊಡೆಗೆ ಕರವಸ್ತ್ರದಿಂದ ಬಿಗಿದು ಕಟ್ಟಿದ. ಕೋಲು ತೊಡೆಯಿಂದ ಮೀನಖಂಡದವರೆಗೆ ನೆಟ್ಟಗೆ ನಿಂತಿತು. ಮಂಡಿ ಇನ್ನು ಮಡಚುವ ಹಾಗಿರಲಿಲ್ಲ.

ಬಸ್ಸಿನ ಮೆಟ್ಟಿಲು ಹತ್ತುವುದಕ್ಕೇ ಇಬ್ಬರು ಕೈ ಕೊಡಬೇಕಾಯಿತು. ಸೀಟಿನಲ್ಲಿ ಕೂತರೆ ಕಾಲು ದಾರಿಗೆ ಅಡ್ಡ ಚಾಚಿಕೊಂಡಿತು. ಅವನ ಗ್ರಹಚಾರಕ್ಕೆ ಎದುರು ಸೀಟಿನಲ್ಲಿದ್ದವರು ಮೂಳೆ ಕಟ್ಟುವ ರಂಗಪ್ಪ. ಸುತ್ತ ಹತ್ತು ಹಳ್ಳಿಯಲ್ಲಿ ಯಾರು ಕುಂಟಿದರೂ ಅದು ತಮ್ಮ ಕೆಲಸ ಎಂದು ತಿಳಿದವರು ಅವರು.

"ಏನಯ್ಯಾ ಬೆಟ್ಟಸ್ವಾಮಿ, ಕಾಲಿಗೇನಾಯ್ತು?"

"ಏನಿಲ್ಲ ಬುಡಣ್ಣ, ಸ್ವಲ್ಪ ಹಿಡ್ಕಂಡೈತೆ."

"ಆ ಲೇತಿಂದ ತಾನೆ? ನಂಗೊತ್ತಿತ್ತು. ಬೆಳಗ್ಗೆ ಚಿಕ್ಕಗೌರಮ್ಮನ ಕೊಡಕ್ಕೆ ಬಡೀತಂತಲ್ಲ. ಎಲ್ಲಿ, ಮಡಚು ನೋಡಾಣ."

"ಮಡಚಕ್ಕಾಗಲ್ಲ."

ಹಾಗೆ ಹೇಳಬಾರದಿತ್ತು. ರಂಗಪ್ಪ ಬಗ್ಗಿ ಮಂಡಿಯ ಪಕ್ಕ ಒತ್ತಿ ನೋಡಿದರು. ಮತ್ತೆ ಒತ್ತಿದರು. ಮೇಲಿನಿಂದ ಕೆಳಗೆ ಬೆರಳಾಡಿಸಿದರು. ಅವರ ಮುಖ ಗಂಭೀರವಾಯಿತು.

"ಶಿವನೇ! ಮೂಳೆ ಜಾರಿ ಚರ್ಮದ ಪಕ್ಕಕ್ಕೆ ಬಂದುಬುಟ್ಟೈತೆ. ನಲವತ್ತು ವರ್ಷದಾಗೆ ಇಂಥದ್ದು ಮುಟ್ಟಿಲ್ಲ ಕಣ್ರಪ್ಪ. ಇವ್ನು ಇದ್ರಲ್ಲಿ ಹೆಂಗೆ ನಡ್ಕಂಡು ಬಂದ?"

ಬಸ್ಸಿಗೆ ಬಸ್ಸೇ ಅವನ ಕಾಲು ನೋಡಿತು. ನಿಜ ಹೇಳಿಬಿಡೋಣವೆಂದರೆ ಒಂದು ಗಂಟೆಯೊಳಗೆ ಅದು ದ್ರಾಕ್ಷಾಯಣಮ್ಮನ ಕಿವಿಗೆ ಬಿದ್ದು ಲೇತು ಹೋಗುತ್ತದೆ. ಬೆಟ್ಟಸ್ವಾಮಿ ಕಣ್ಣು ಮುಚ್ಚಿ, ನೋವು ತಡೆಯುವವನ ಹಾಗೆ ತುಟಿ ಕಚ್ಚಿ ಕೂತ. ಕರವಸ್ತ್ರದ ಗಂಟು ಸಡಿಲವಾಗುತ್ತಿದ್ದುದರಿಂದ ಆ ಸಂಕಟ ಪೂರ್ತಿ ನಟನೆಯೇನೂ ಆಗಿರಲಿಲ್ಲ.

ಊರಿನಲ್ಲಿ ಇಳಿಯುವುದಕ್ಕೆ ರಂಗಪ್ಪ ಬಿಡಲಿಲ್ಲ, ಇಳಿಸಿದರು. ಟೀ ಅಂಗಡಿಯ ಬೆಂಚು ಬಂತು. ಬೆಟ್ಟಸ್ವಾಮಿಯನ್ನು ಅದರ ಮೇಲೆ ಮಲಗಿಸಿ ನಾಲ್ವರು ಎತ್ತಿಕೊಂಡರು. "ನಾನು ನಡ್ಕಂಡು ಹೋಗ್ತೀನಿ" ಎಂದು ಅವನು ಎದ್ದಾಗಲೆಲ್ಲ ಯಾರೋ ಒಬ್ಬರು ಎದೆಯ ಮೇಲೆ ಕೈಯಿಟ್ಟು ಒತ್ತಿ ಮಲಗಿಸಿದರು. ಬಸ್ಸಿಳಿದಾಗ ಉಳುಕಿದ್ದ ಕಾಲು, ಅಂಗಡಿಸಾಲು ದಾಟುವ ಹೊತ್ತಿಗೆ ಮುರಿದಿತ್ತು, ಮನೆಯ ಬೀದಿಗೆ ಬಂದಾಗ ಎರಡು ಕಡೆ ಮುರಿದಿತ್ತು.

"ಬೆಳಗ್ಗೆ ನನ್ ಕೊಡ ಹೋತು, ಸಂಜೀಗೆ ಇವ್ನ ಕಾಲು ಹೋತು" ಎಂದು ಚಿಕ್ಕಗೌರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎದುರು ಬಂದರು. ಕೊಡದ ಸಿಟ್ಟು ಅವರಿಗೆ ಆಗಲೇ ಹೋಗಿತ್ತು.

ಬೆಂಚನ್ನು ಜಗಲಿಯ ಮೇಲಿಟ್ಟರು. ಮನೆಯೊಳಗೆ ಯಾರೂ ಕಾಣಲಿಲ್ಲ, ಹಿಂದಿನ ಪಡಸಾಲೆಯಿಂದ ಮಾತ್ರ ಲೇತು ತಿರುಗುವ ಸದ್ದು ಬರುತ್ತಿತ್ತು. ಗಯಾಜ್ ಬಂದಿದ್ದಾನೆ, ಒಯ್ಯುವ ಮುಂಚೆ ಮಿಷನ್ ಸರಿಯಿದೆಯೋ ಇಲ್ಲವೋ ತಿರುಗಿಸಿ ನೋಡುತ್ತಿದ್ದಾನೆ ಎಂದುಕೊಂಡು ಬೆಟ್ಟಸ್ವಾಮಿ ಏಳಲು ಹೋದ. ಅಷ್ಟರಲ್ಲಿ ರಂಗಪ್ಪ ಅವನ ಪಾದವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

"ಹಿಡ್ಕಳ್ರಪ್ಪ ಭುಜಾನ. ಒಂದೇ ಜಗ್ಗು, ಜಾಗಕ್ಕೆ ಕೂರ್ತದೆ."

"ಅಣ್ಣಾ ಬ್ಯಾಡ, ನನ್ ಮಾತು ಕೇಳಣ್ಣ..."

ರಂಗಪ್ಪ ಜಗ್ಗಿದರು. ಕರವಸ್ತ್ರದ ಗಂಟು ಬಿಚ್ಚಿತು. ಪ್ಯಾಂಟಿನ ಕಾಲಿನಿಂದ ಮುದ್ದೆಕೋಲು ಸರ್ರನೆ ಜಾರಿ, ಜಗಲಿಯ ಮೇಲೆ ಉರುಳಿ, ಚಿಕ್ಕಗೌರಮ್ಮನ ಪಾದಕ್ಕೆ ತಾಗಿ ನಿಂತಿತು.

ರಂಗಪ್ಪ ಕೋಲು ನೋಡಿದರು, ಕಾಲು ನೋಡಿದರು. ಚಿಕ್ಕಗೌರಮ್ಮ ಅದನ್ನೆತ್ತಿ ತಿರುಗಿಸಿ ನೋಡಿದರು.

"ಇದು ಮಾರಯ್ಯನ ಅಂಗಡೀದು ಕಣ್ರವ್ವ. ತುದೀಲಿ ಕೆಂಪು ಬಳೆ ಬರ್ದವ್ನೆ ನೋಡಿ. ನಮ್ಮನೇದೂ ಇಂಥದ್ದೇಯ."

ಗೊಳ್ಳೆಂದು ಎದ್ದ ನಗು ಬೀದಿಯ ಆ ತುದಿಯವರೆಗೂ ಹೋಯಿತು. ಬೆಟ್ಟಸ್ವಾಮಿಗೆ ಕಾಲು ನಿಜವಾಗಿಯೂ ಮುರಿದಿದ್ದರೆ ಚೆನ್ನಾಗಿತ್ತು ಎನಿಸಿತು. ಒಳಗೆ ಲೇತಿನ ಸದ್ದು ನಿಂತಿತು. ಬಾಗಿಲಿಗೆ ಗಯಾಜ್ ಬಂದ. ಅವನ ಹಿಂದೆ ದ್ರಾಕ್ಷಾಯಣಮ್ಮ ಬಂದರು. ಅವರ ತಲೆಗೂದಲಲ್ಲಿ, ಹುಬ್ಬಿನಲ್ಲಿ, ಸೆರಗಿನಲ್ಲಿ ಹಲಸಿನ ಹೊಟ್ಟು ಹಳದಿಯಾಗಿ ಕೂತಿತ್ತು. ಕೈಯಲ್ಲಿ ಒಂದು ಮುದ್ದೆಕೋಲಿತ್ತು. ಹಿಡಿಯುವ ಕಡೆ ಸಣ್ಣ, ಹಿಟ್ಟು ತಿರುವುವ ಕಡೆ ದಪ್ಪ, ಎಲ್ಲೂ ಒಂದು ಗಾಯವಿಲ್ಲ.

"ಗಯಾಜ್, ನೀನು ಕಡ್ದಿದ್ದಾ?" ಎಂದು ಬೆಟ್ಟಸ್ವಾಮಿ ಸಣ್ಣ ದನಿಯಲ್ಲಿ ಕೇಳಿದ.

"ಕಸಮ್, ಆಣೆಗೂ ನಾನು ಮುಟ್ಟಿಲ್ಲ ಸಾರ್. ಮಿಷನ್ ಒಯ್ಯೋಕೆ ಅಕ್ಕ ಫೋನ್ ಮಾಡಿದ್ರು, ಭಾನುವಾರ ಆಟೋ ಸಿಗಲ್ಲ ಅಂತ ಇವತ್ತೇ ಬಂದೆ. ಇದು ಹೆಂಗಣ್ಣ ತಿರುಗ್ತದೆ ಅಂತ ಅಕ್ಕ ಕೇಳಿದ್ರು. ಸ್ವಿಚ್ಚು ತೋರಿಸ್ದೆ, ಉಳಿ ಕೊಟ್ಟೆ. ಅಷ್ಟೇ ಸಾರ್. ನಾನು ಎರಡು ವರ್ಷ ಕಲ್ತಿದ್ದನ್ನ ಅಕ್ಕ ಅರ್ಧ ಗಂಟೇಲಿ ಕಲ್ತ್ರು."

"ಅದ್ರಲ್ಲೇನೈತೆ ಮಹಾ?" ಎಂದರು ದ್ರಾಕ್ಷಾಯಣಮ್ಮ. "ಕಾಯಿ ತುರಿದ ಹಂಗೇ ಕಣ್ರೀ. ಈಳಿಗೆಮಣೆ ಮುಂದೆ ಕುಂತ್ರೆ ಯಾರಾದ್ರೂ ಕಾಯಿ ಒತ್ತಿ ಹಿಡೀತಾರಾ? ಮೆಲ್ಲಗೆ ತಾಗಿಸ್ಕಂಡು ತಿರುಗಿಸ್ಬೇಕು, ಕರಟ ಹತ್ರ ಬಂತು ಅಂತ ಕೈಗೇ ಗೊತ್ತಾಗ್ತದೆ, ಅಲ್ಲಿಗೆ ಬಿಡ್ಬೇಕು. ಅಷ್ಟು ತೋಟ ಇಟ್ಕಂಡು ಹುಟ್ಟಿದಾಗಿಂದ ನೀವು ಒಂದು ಕಾಯಿ ತುರಿದಿದ್ರೆ ತಾನೆ?"

ಜಗಲಿಯ ಮೇಲಿದ್ದ ಹೆಂಗಸರೆಲ್ಲ ಅವರವರ ಗಂಡಂದಿರ ಕಡೆ ನೋಡಿದರು. ಗಂಡಸರು ಸೂರಿನ ಕಡೆ ನೋಡಿದರು. ಬೆಟ್ಟಸ್ವಾಮಿಗೆ ಅದ್ಯಾವುದೂ ಕಾಣಲಿಲ್ಲ. ಅವನಿಗೆ ಬೇಕಾಗಿದ್ದ ಉತ್ತರ ಒಂದೇ.

"ಹಂಗಾದ್ರೆ ದ್ರಾಕ್ಷಾಯಣೀ, ಮಿಷನ್ನು?"

"ಮಿಷನ್ನು ಎಲ್ಲಿಗ್ರೀ ಹೋಗೋದು? ಇಲ್ಲೇ ಇರ್ತದೆ. ಗಯಾಜಣ್ಣಂಗೂ ಹೇಳಿದ್ದೀನಿ, ಗಾಡಿ ಅವರತ್ರಾನೇ ಇರ್ಲಿ ಅಂತ."

ಬೆಟ್ಟಸ್ವಾಮಿಯ ಜೀವ ತಂಪಾಯಿತು. ಕೋಲು, ನಗು, ಮಾನ ಎಲ್ಲ ಮರೆತು ಬೆಂಚಿನಿಂದ ಒಂದೇ ನೆಗೆತಕ್ಕೆ ಇಳಿದ.

"ನೋಡಿದ್ರಾ? ನಡೀತಾನೆ!" ಎಂದರು ರಂಗಪ್ಪ. ಅವನನ್ನು ನಡೆಸಿದ ಕೀರ್ತಿಯನ್ನಾದರೂ ಬಿಟ್ಟುಕೊಡಲು ಅವರು ತಯಾರಿರಲಿಲ್ಲ.

ಬೆಟ್ಟಸ್ವಾಮಿ ಪಡಸಾಲೆಗೆ ಓಡಿದ. ಲೇತು ಅಲ್ಲೇ ಇತ್ತು. ಕೆಳಗೆ ಸುರುಳಿ ಸುರುಳಿಯಾಗಿ ಮರದ ಸಿಪ್ಪೆ ಬಿದ್ದಿತ್ತು, ಅವನು ಮೂರು ತಿಂಗಳು ಕನಸಿನಲ್ಲಿ ಕಂಡಂಥದ್ದು. ಪ್ರೀತಿಯಿಂದ ಉಳಿಯನ್ನೆತ್ತಿಕೊಂಡ. ಹಿಂದಿನಿಂದ ಬಂದ ಕೈ ಅದನ್ನು ಮೆಲ್ಲಗೆ ಕಿತ್ತುಕೊಂಡಿತು.

"ಅದನ್ನ ಮುಟ್ಟಬ್ಯಾಡಿ, ಗಯಾಜಣ್ಣ ಹೊಸದಾಗಿ ಮಸೆದು ಕೊಟ್ಟವ್ರೆ, ಬಾಯಿ ಹೋಗ್ತದೆ" ಎಂದರು ದ್ರಾಕ್ಷಾಯಣಮ್ಮ. "ಈಗ ಚಿಕ್ಕಗೌರಮ್ಮಂಗೆ ಒಂದು ಕಡಗೋಲು ಒಪ್ಕಂಡೆ, ಜಗಲೀಲಿರೋ ಹೆಂಗಸ್ರೂ ಕೇಳವ್ರೆ. ಇನ್ಮೇಲೆ ಸಂಜೆ ಹೊತ್ತು ನಂಗೆ ಬಿಡುವಿಲ್ಲ. ಒಲೆ ಮೇಲೆ ಎಸರು ಮರಳ್ತಾ ಐತೆ, ಹಿಟ್ಟು ಹಾಕ್ರಿ. ಗಯಾಜಣ್ಣನೂ ಊಟಕ್ಕಿರ್ತಾರೆ."

"ಮುದ್ದೆ ತಿರುವೋದು ನಾನಾ?"

"ಕೋಲು ಹೆಂಗೂ ತಂದಿದ್ದೀರಲ್ಲ" ಎಂದು ದ್ರಾಕ್ಷಾಯಣಮ್ಮ ಸ್ವಿಚ್ಚು ಒತ್ತಿದರು.